ಪರದೆಯ ಆಗಸದಲ್ಲಿ ತಂಡದ ಕಾಳಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಯುದ್ಧವಿಮಾನದ ಸಿಮ್ಯುಲೇಟರ್‌ಗಳ (ಕಂಪ್ಯೂಟರಿನ ಪರದೆಯಲ್ಲಿ ವಿಮಾನ ಹಾರಿಸುವ ಆಟಗಳ) ಬಗ್ಗೆ ಈ ಅಂಕಣದಲ್ಲಿ ಹಿಂದೆ ಬರೆದದ್ದನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಹೆಚ್ಚಿನ ಪ್ರಶ್ನೆಗಳು ಇಂಟರ್‌ನೆಟ್‌ನಲ್ಲಿ ತಂಡ ಕಟ್ಟಿಕೊಂಡು ಆಡುವ ಮಿಷನ್‌ಗಳನ್ನು ಕುರಿತವು. ಐಎಲ್-2 ಸ್ಟುರ್ಮೊವಿಕ್, ಡಿಸಿಎಸ್ ವರ್ಲ್ಡ್‌ನಂಥ ಸಿಮ್ಯುಲೇಟರ್‌ಗಳಲ್ಲಿ ಎರಡು ಪಾಳಯಗಳು ಒಂದೇ ನಕ್ಷೆಯ ಮೇಲೆ ಎದುರುಬದುರಾಗಿ, ಬಾಂಬರ್, ಫೈಟರ್, ನೆಲದ ಗುರಿ ಎಲ್ಲವನ್ನೂ ಲೆಕ್ಕಕ್ಕೆ ಹಿಡಿದು ನಡೆಸುವ ಸ್ಪರ್ಧೆಗಳಿವು. ಹತ್ತಿರದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಐಎಲ್-2ರಲ್ಲಿ ಒಂದೇ ತಂಡವಾಗಿ ಆಡುತ್ತೇವೆ. ಇತ್ತೀಚಿನ ಒಂದು ಮಿಷನ್‌ನಲ್ಲಿ ಎದುರಾಳಿಗಳ ಒಂಬತ್ತು ವಿಮಾನಗಳನ್ನು ಉರುಳಿಸಿದೆವು, ನಾವು ಕಳೆದುಕೊಂಡದ್ದು ಐದು ಮಾತ್ರ. ಆದರೂ ಸೋತೆವೆಂದು ಫಲಿತಾಂಶ ಬಂತು. ಅಂಕ ಕೊಡುವ ಪದ್ಧತಿಯೇ ತಪ್ಪಲ್ಲವೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು)

ಉತ್ತರ: ಪದ್ಧತಿ ಸರಿಯಾಗಿಯೇ ಇದೆ ಎಂದು ನನ್ನ ಅಭಿಪ್ರಾಯ. ಆ ಮಿಷನ್‌ನ ಬ್ರೀಫಿಂಗ್ ಹಾಳೆಯಲ್ಲಿ ಸೇತುವೆ ಮತ್ತು ಇಂಧನದ ಉಗ್ರಾಣ ಗುರಿಗಳೆಂದು ಬರೆದಿತ್ತೆಂದು ನಿಮ್ಮ ಪತ್ರದ ಕೊನೆಯಲ್ಲಿ ನೀವೇ ತಿಳಿಸಿದ್ದೀರಿ. ಎದುರಾಳಿಗಳು ಅವೆರಡನ್ನೂ ಮುರಿದ ಮೇಲೆ ನಿಮ್ಮ ಕೈಗೆ ಸಿಕ್ಕಿದ್ದರೆ, ಆ ಒಂಬತ್ತು ವಿಮಾನಗಳು ಅಷ್ಟರಲ್ಲಿ ತಮ್ಮ ಕೆಲಸ ಮುಗಿಸಿಯಾಗಿತ್ತು. ಕಬಡ್ಡಿಯಲ್ಲಿ ರೈಡರ್ ಎಷ್ಟು ಮಂದಿಯನ್ನು ಮುಟ್ಟಿದರೂ ನಡುಗೆರೆಗೆ ಮರಳದೆ ಸಿಕ್ಕಿಬಿದ್ದರೆ ಆ ಮುಟ್ಟುಗಳಿಗೆ ಅಂಕ ದಕ್ಕುವುದಿಲ್ಲ ಎಂಬುದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಅದು ಅನ್ಯಾಯವೆಂದು ಯಾರೂ ದೂರುವುದಿಲ್ಲ, ಏಕೆಂದರೆ ಮರಳಿ ಬರುವುದು ಆ ಆಟದ ಜೀವ.

ನಿಮ್ಮ ಐದು ನಷ್ಟಗಳನ್ನು ನಿಮಿಷಗಳ ಲೆಕ್ಕದಲ್ಲಿ ನೋಡಿ. ವಿಮಾನ ಕಳೆದುಕೊಂಡವನು ನಿಲ್ದಾಣದಿಂದ ಹೊಸ ವಿಮಾನದಲ್ಲಿ ಮತ್ತೆ ಹೊರಡಬೇಕು. ವಿಮಾನ ನಿಲ್ದಾಣದಿಂದ ಕಾಳಗದ ಜಾಗ 40 ಕಿ.ಮೀ. ದೂರದಲ್ಲಿದ್ದರೆ, ಗಂಟೆಗೆ 400 ಕಿ.ಮೀ. ವೇಗದಲ್ಲಿ ಅಲ್ಲಿಗೆ ಮರಳಲು ಆರು ನಿಮಿಷ ಬೇಕು. ಎಂಜಿನ್ ಬಿಸಿಯಾಗಿ, ನೆಲ ಬಿಟ್ಟು, ಎತ್ತರ ಗಳಿಸುವ ಸಮಯವನ್ನು ಕೂಡಿಸಿದರೆ ಹತ್ತು ನಿಮಿಷಕ್ಕೆ ಕಡಿಮೆಯಾಗದು. ಐದು ಸಲ ಹತ್ತು ನಿಮಿಷವೆಂದರೆ ನಾಲ್ವರೇ ಇರುವ ತಂಡದಲ್ಲಿ ಒಬ್ಬ ಪೈಲಟ್ ಐವತ್ತು ನಿಮಿಷ ಇಲ್ಲದಂತಾಯಿತು. ಸೇತುವೆಯ ಮೇಲೆ ಬಾಂಬ್ ಬಿದ್ದದ್ದು ಆ ನಿಮಿಷಗಳಲ್ಲಿಯೇ ಇರಬಹುದು. ಈ ಸಿಮ್ಯುಲೇಟರ್ ಯಾವ ವಿಮಾನದ ಹೆಸರನ್ನು ಹೊತ್ತಿದೆಯೋ ಆ ಇಲ್ಯೂಷಿನ್ ಐಎಲ್-2, ಫೈಟರ್ ಅಲ್ಲ. ನೆಲದ ಗುರಿಗಳ ಮೇಲೆ ಎರಗಲೆಂದೇ ಕಟ್ಟಿದ, 36,000ಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಸೋವಿಯತ್ ವಿಮಾನ ಅದು. ಫೈಟರ್‌ಗಳು ಹಾರುವುದು ಅಂಥ ವಿಮಾನಗಳಿಗೆ ದಾರಿ ಮಾಡಿಕೊಡಲು ಅಥವಾ ಅವುಗಳ ದಾರಿಯನ್ನು ಕಟ್ಟಲು. ಮುಂದಿನ ಮಿಷನ್‌ನಲ್ಲಿ ನಿಮ್ಮ ನಾಲ್ವರಲ್ಲಿ ಇಬ್ಬರು ಬಾಂಬ್ ಹೊತ್ತು ಹಾರಿ ನೋಡಿ.

ಪ್ರಶ್ನೆ: ಇಂಥ ಸಾಮೂಹಿಕ ಕಾಳಗಗಳು ಎಂದಿನಿಂದ ನಡೆಯುತ್ತಿವೆ? ನನ್ನ ಮೊಮ್ಮಗ ಇದು ಈಚಿನದೆನ್ನುತ್ತಾನೆ. (ನಿವೃತ್ತ ಶಿಕ್ಷಕರು, ಉಡುಪಿ)

ಉತ್ತರ: ವರ್ಲ್ಡ್ ವೈಡ್ ವೆಬ್ ಬಳಕೆಗೆ ಬರುವ ಮೊದಲೇ ಇವು ಇದ್ದವು. 1980ರ ದಶಕದ ಕೊನೆಯಲ್ಲಿ ಅಮೆರಿಕದ ಕೆಸ್ಮಾಯ್ ಸಂಸ್ಥೆಯ ಏರ್ ವಾರಿಯರ್ ಎಂಬ ಆಟ ಜೀನೀ ಎಂಬ ಜಾಲಸೇವೆಯ ಮೂಲಕ ನಡೆಯುತ್ತಿತ್ತು. ಆಟಗಾರರು ಟೆಲಿಫೋನ್ ತಂತಿಗೆ ಮೋಡೆಮ್ ಜೋಡಿಸಿ, ಗಂಟೆಯ ಲೆಕ್ಕದಲ್ಲಿ ಹಣ ತೆತ್ತು, ಮೂರು ಕಾಲ್ಪನಿಕ ದೇಶಗಳ ಪರವಾಗಿ ಹಾರುತ್ತಿದ್ದರು. ಆಮೇಲೆ 1990ರ ದಶಕದಲ್ಲಿ ವಾರ್‌ಬರ್ಡ್ಸ್, 2000ದ ಸುಮಾರಿಗೆ ಏಸಸ್ ಹೈ, 2001ರಲ್ಲಿ ಮೊದಲ ಐಎಲ್-2 ಬಂದವು. ಮೊಮ್ಮಗನಿಗೆ ಇದನ್ನು ತಿಳಿಸಿ, ಖುಷಿಪಟ್ಟಾನು.

ಪ್ರಶ್ನೆ: ನಮ್ಮ ತಂಡದಲ್ಲಿ ನನಗೆ ಸದಾ ವಿಂಗ್‌ಮನ್ (ಮುಂದಾಳುವಿನ ಜೊತೆಗೆ ಹಾರಿ ಅವನನ್ನು ಕಾಯುವ ಪೈಲಟ್) ಸ್ಥಾನವನ್ನೇ ಕೊಡುತ್ತಾರೆ. ಮುಂದಿರುವವರು ವೈರಿಯನ್ನು ಹೊಡೆದು ಹೆಸರು ಪಡೆಯುತ್ತಾರೆ, ನಾನು ಹಿಂದೆ ಹಿಂದೆ ಸುತ್ತುತ್ತಿರುತ್ತೇನೆ. ವಿಂಗ್‌ಮನ್ ಎಂದರೆ ಎರಡನೆಯ ದರ್ಜೆಯ ಪೈಲಟ್ ಎಂದೇ ಅರ್ಥವೇ? (ಬ್ಯಾಂಕ್ ಉದ್ಯೋಗಿ, ಧಾರವಾಡ)

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಹಿಂದೆ ಹಿಂದೆ ಸುತ್ತುತ್ತಿದ್ದೀರಿ ಎಂಬ ಮಾತಿನಲ್ಲಿಯೇ ನಿಮ್ಮ ತಂಡದ ತಪ್ಪು ಅಡಗಿದೆ, ಏಕೆಂದರೆ ವಿಂಗ್‌ಮನ್ ಇರಬೇಕಾದ ಜಾಗ ಮುಂದಾಳುವಿನ ಬೆನ್ನ ಹಿಂದೆ ಅಲ್ಲ, ಪಕ್ಕದಲ್ಲಿ.

ಎರಡನೆಯ ಮಹಾಯುದ್ಧದ ಆರಂಭದಲ್ಲಿ ಬ್ರಿಟಿಷ್ ಫೈಟರ್‌ಗಳು ಮೂರು ಮೂರಾಗಿ ಒತ್ತೊತ್ತಾಗಿ ಹಾರುತ್ತಿದ್ದವು. ಅಕ್ಕಪಕ್ಕದ ಇಬ್ಬರ ಗಮನವೆಲ್ಲ ಮುಂದಿನ ವಿಮಾನಕ್ಕೆ ತಾಗದಂತೆ ಸಾಲು ಕಾಯ್ದುಕೊಳ್ಳುವುದರಲ್ಲೇ ಕಳೆದುಹೋಗುತ್ತಿದ್ದುದರಿಂದ ಹಿಂದಿನಿಂದ ಬರುವ ವೈರಿಯನ್ನು ನೋಡುವವರೇ ಇರುತ್ತಿರಲಿಲ್ಲ. ಜರ್ಮನ್ನರು ಸ್ಪೇನಿನ ಅಂತರ್ಯುದ್ಧದಲ್ಲಿಯೇ ವೆರ್ನರ್ ಮೋಲ್ಡರ್ಸ್ ಮೊದಲಾದವರ ಅನುಭವದಿಂದ ಇಬ್ಬಿಬ್ಬರ ಜೋಡಿಯನ್ನು, ಎರಡು ಜೋಡಿ ಸೇರಿ ಕೈಬೆರಳ ತುದಿಗಳಂತೆ ಹರಡಿಕೊಳ್ಳುವ ನಾಲ್ವರ ಗುಂಪನ್ನು ರೂಢಿಸಿಕೊಂಡಿದ್ದರು. ಸಾಕಷ್ಟು ಪೈಲಟ್‌ಗಳನ್ನು ಕಳೆದುಕೊಂಡ ಮೇಲೆ ಬ್ರಿಟಿಷರೂ ಅದೇ ಕ್ರಮಕ್ಕೆ ಬಂದರು. ಜೋಡಿಗಳ ನಡುವೆ ನೂರಾರು ಮೀಟರ್ ಅಂತರವಿದ್ದುದರಿಂದ ಪ್ರತಿಯೊಬ್ಬನ ಕಣ್ಣೂ ಆಕಾಶ ನೋಡಲು ಬಿಡುವಾಯಿತು.

ಇದಕ್ಕಿಂತಲೂ ನಿಮಗೆ ಹತ್ತಿರವಾಗುವ ಉದಾಹರಣೆ ಅಮೆರಿಕದ ನೌಕಾಪಡೆಯ ಜಾನ್ ಥ್ಯಾಚ್ ಅವರದು. ಜಪಾನಿನ ಝೀರೋ ವಿಮಾನ ತಮ್ಮ ವೈಲ್ಡ್‌ಕ್ಯಾಟ್‌ಗಿಂತ ಚುರುಕಾಗಿ ತಿರುಗುತ್ತದೆ, ಬೇಗ ಮೇಲೇರುತ್ತದೆ ಎಂಬ ವರದಿಯನ್ನು 1941ರಲ್ಲಿ ಓದಿದ ಅವರು ರಾತ್ರಿಗಳಲ್ಲಿ ಮನೆಯ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಹರಡಿಕೊಂಡು ಉಪಾಯ ಹುಡುಕಿದರು. ಅವರು ಕಂಡುಕೊಂಡದ್ದು ಇಷ್ಟು: ಇಬ್ಬರೂ ಒಂದು ತಿರುವಿನಷ್ಟು ಅಂತರ ಬಿಟ್ಟು ಸಮಸಾಲಿನಲ್ಲಿ ಹಾರುತ್ತ ಒಬ್ಬರು ಇನ್ನೊಬ್ಬರ ಬೆನ್ನನ್ನು ಕಾಯಬೇಕು. ವೈರಿ ನಿಮ್ಮ ಗೆಳೆಯನ ಬೆನ್ನು ಹತ್ತಿದ್ದನ್ನು ಕಂಡ ಕೂಡಲೇ ನೀವು ಗೆಳೆಯನ ಕಡೆಗೆ ತಿರುಗುತ್ತೀರಿ. ನೀವು ತಿರುಗಿದ್ದೇ ಅವನಿಗೆ ಎಚ್ಚರಿಕೆಯಾಗಿ ಅವನೂ ನಿಮ್ಮ ಕಡೆಗೆ ತಿರುಗುತ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ಹಾಯ್ದು ಹೋಗುವಾಗ, ಬೆನ್ನಟ್ಟಿ ಬಂದ ವೈರಿ ನೇರವಾಗಿ ನಿಮ್ಮ ಕೋವಿಯ ಬಾಯಿಗೆ ಬರುತ್ತಾನೆ. ರೇಡಿಯೋದಲ್ಲಿ ಒಂದು ಮಾತೂ ಬೇಕಾಗದ ವ್ಯವಸ್ಥೆ ಇದು. ಸಹ ಪೈಲಟ್ ಎಡ್ವರ್ಡ್ ಓಹೇರ್ ಅವರನ್ನು ವೈರಿಯ ಪಾತ್ರದಲ್ಲಿ ನಿಲ್ಲಿಸಿ ಆಕಾಶದಲ್ಲಿ ಇದನ್ನು ಪರೀಕ್ಷಿಸುವಾಗ ಥ್ಯಾಚ್ ತಮ್ಮ ಪಕ್ಷದ ವಿಮಾನಗಳ ಎಂಜಿನ್ ಶಕ್ತಿಯನ್ನು ಬೇಕೆಂದೇ ತಗ್ಗಿಸಿದ್ದರು. ಹಾಗಿದ್ದೂ ಓಹೇರ್ ಅವರಿಗೆ ಗುರಿ ಹಿಡಿಯುವುದು ಕಷ್ಟವಾಯಿತು. 1942ರ ಜೂನ್ 4ರಂದು ಮಿಡ್‌ವೇ ಕಾಳಗದಲ್ಲಿ ಥ್ಯಾಚ್ ಸ್ವತಃ ಇದನ್ನು ಬಳಸಿ ಜೀವ ಉಳಿಸಿಕೊಂಡರು.

ಇಲ್ಲಿ ಮುಂದಾಳು ಯಾರು, ವಿಂಗ್‌ಮನ್ ಯಾರು ಎಂಬುದು ಕ್ಷಣಕ್ಷಣಕ್ಕೂ ಅದಲುಬದಲಾಗುತ್ತದೆ ಎಂಬುದನ್ನು ಗಮನಿಸಿ. ವೈರಿ ಯಾರ ಬೆನ್ನು ಹತ್ತುತ್ತಾನೋ ಅವನು ಎರೆಯಾಗುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ. ನಾನು ಸಿಮ್ಯುಲೇಟರ್‌ನಲ್ಲಿ ಹಾರಲು ಕಲಿತ ಹೊಸತರಲ್ಲಿ ಒಂದು ರಾತ್ರಿ, ಹೊಗೆ ಕಾರುತ್ತ ಕೆಳಗಿಳಿಯುತ್ತಿದ್ದ ವಿಮಾನವೊಂದನ್ನು ಮುಗಿಸುವ ಆಸೆಗೆ ಬಿದ್ದು ಜೊತೆಗಾರನನ್ನು ಬಿಟ್ಟು ಹೋದೆ. ಆ ವಿಮಾನವೇನೋ ನೆಲಕ್ಕಪ್ಪಳಿಸಿತು. ಅಷ್ಟರಲ್ಲಿ ನನ್ನ ಜೊತೆಗಾರ ಇಬ್ಬರ ನಡುವೆ ಒಂಟಿಯಾಗಿ ಸಿಕ್ಕಿಬಿದ್ದು, ನನ್ನ ಹೆಸರನ್ನು ಮೂರು ಸಲ ಕರೆದು, ಆಮೇಲೆ ಮೌನವಾದ. ಆ ಮೂರು ಕರೆಗಳು ಇಂದಿಗೂ ನನ್ನ ಕಿವಿಯಲ್ಲಿವೆ. ನಿಮ್ಮ ತಂಡದವರೊಡನೆ ಮಾತಾಡಿ, ಮಿಷನ್‌ನಿಂದ ಮಿಷನ್‌ಗೆ ಸ್ಥಾನ ಬದಲಿಸಿಕೊಳ್ಳಿ. ಸದಾ ಮುಂದಿರುವವನಿಗೆ ಪಕ್ಕದಲ್ಲಿದ್ದು ಕಾಯುವ ಕಷ್ಟ ತಿಳಿಯುವುದೇ ಇಲ್ಲ.

ಪ್ರಶ್ನೆ: ಬಾಂಬರ್‌ಗಳಿಗೆ ಬೆಂಗಾವಲಾಗಿ ಹೋಗುವಾಗ ಅವುಗಳ ಮಗ್ಗುಲಲ್ಲೇ ಇರಬೇಕೇ, ಮುಂದೆ ಹೋಗಿ ವೈರಿಗಳನ್ನು ಹುಡುಕಬೇಕೇ? ನಮ್ಮ ಗುಂಪಿನಲ್ಲಿ ಇದರ ಬಗ್ಗೆ ಒಮ್ಮತವಿಲ್ಲ. (ಮಂಗಳೂರು)

ಉತ್ತರ: ಒಮ್ಮತವಿಲ್ಲದಿರುವುದು ಸಹಜ. ನಿಜವಾದ ವಾಯುಪಡೆಗಳೂ ಇದರಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡಿವೆ. 1940ರ ಸೆಪ್ಟೆಂಬರಿನಲ್ಲಿ ಜರ್ಮನ್ ಮೆಸ್ಸರ್‌ಶ್ಮಿಟ್ 109 ಫೈಟರ್‌ಗಳಿಗೆ ಬಾಂಬರ್‌ಗಳ ಮಗ್ಗುಲು ಬಿಡಬಾರದೆಂಬ ಅಪ್ಪಣೆ ಬಂತು. ನಿಧಾನವಾದ ಬಾಂಬರ್‌ಗಳ ಜೊತೆಗಿರಲು ಅವು ಅಂಕುಡೊಂಕಾಗಿ ಹಾರಬೇಕಾಯಿತು. ಲಂಡನ್ನಿನ ಮೇಲೆ ಹೆಚ್ಚೆಂದರೆ ಹತ್ತು ನಿಮಿಷ ಕಾದಾಡುವಷ್ಟು ಇಂಧನವಿದ್ದ ವಿಮಾನಕ್ಕೆ ಅದು ದುಬಾರಿಯಾಯಿತು, ವೇಗವೂ ಎತ್ತರವೂ ಎದುರಾಳಿಯ ಪಾಲಾದವು. ಇನ್ನೊಂದು ತುದಿ 1944ರದು. ಆ ವರ್ಷದ ಆರಂಭದಲ್ಲಿ ಅಮೆರಿಕದ ಎಂಟನೆಯ ವಾಯುಪಡೆಯ ಹೊಣೆ ಹೊತ್ತ ಜಿಮ್ಮಿ ಡೂಲಿಟಲ್, ಬಾಂಬರ್‌ಗಳನ್ನು ಜೀವಸಹಿತ ಮರಳಿ ತರುವುದೇ ಫೈಟರ್‌ಗಳ ಮೊದಲ ಕರ್ತವ್ಯವೆಂದು ಸಾರುತ್ತಿದ್ದ ಫಲಕವನ್ನು ಕಚೇರಿಯಲ್ಲಿ ಕಂಡು ತೆಗೆಸಿಬಿಟ್ಟರು. ವೈರಿಯ ಫೈಟರ್‌ಗಳನ್ನು ನಾಶಮಾಡುವುದೇ ಮೊದಲ ಕರ್ತವ್ಯವೆಂದು ಹೊಸ ಆದೇಶ ಹೊರಟಿತು. ಜರ್ಮನ್ ವಾಯುಪಡೆ ಕ್ರಮೇಣ ಸವೆದುಹೋಯಿತು.

ನಮ್ಮ ಆಟಗಾರರು ಈ ಎರಡನೆಯ ಕಥೆಯನ್ನು ಮೆಚ್ಚಿ ಮುಂದೆ ಓಡುತ್ತಾರೆ. ಡೂಲಿಟಲ್ ಅವರ ಮುಂದಿದ್ದದ್ದು ತಿಂಗಳುಗಟ್ಟಲೆ ನಡೆಯುವ ಯುದ್ಧ, ಇಂದು ಸತ್ತ ವೈರಿ ಪೈಲಟ್ ನಾಳೆ ಬರುವಂತಿರಲಿಲ್ಲ. ಒಂದು ಸಂಜೆಯ ಮಿಷನ್‌ನಲ್ಲಿ ಸತ್ತವನು ಹತ್ತು ನಿಮಿಷದಲ್ಲಿ ಹೊಸ ವಿಮಾನದೊಂದಿಗೆ ಬರುತ್ತಾನೆ. ಆದ್ದರಿಂದ ಒಂದೇ ರಾತ್ರಿಯ ಸ್ಪರ್ಧೆಯಲ್ಲಿ ಬಾಂಬರ್‌ಗಳ ಸಮೀಪವಿರುವುದೇ ಸರಿ. ವಿಮಾನಗಳ ಸಂಖ್ಯೆಗೆ ಮಿತಿಯಿಟ್ಟು ವಾರಗಟ್ಟಲೆ ನಡೆಸುವ ಸರಣಿಯಲ್ಲಾದರೆ ಬೇಟೆಗೂ ಬೆಲೆಯುಂಟು.

ನಾಲ್ವರಿದ್ದರೆ ಒಂದು ಜೋಡಿ ಬಾಂಬರ್‌ಗಳ ಬಳಿ, ಇನ್ನೊಂದು ಜೋಡಿ ಅವುಗಳಿಗಿಂತ ಸುಮಾರು 1,000 ಮೀಟರ್ ಮೇಲೆ ಇರಲಿ. ಆ ಎತ್ತರವನ್ನು ಕೂಡಿಟ್ಟ ಹಣವೆಂದು ತಿಳಿಯಿರಿ. ಗಂಟೆಗೆ 400 ಕಿ.ಮೀ. ವೇಗದಲ್ಲಿರುವ ವಿಮಾನ 1,000 ಮೀಟರ್ ಕೆಳಗೆ ಧುಮುಕಿದರೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದಾಗ, ಅದರ ವೇಗ ಸುಮಾರು 640 ಕಿ.ಮೀ. ಮುಟ್ಟುತ್ತದೆ. ಬಳಿಯಲ್ಲಿರುವ ಜೋಡಿ ವೈರಿಯನ್ನು ಉರುಳಿಸಲೇಬೇಕೆಂದಿಲ್ಲ, ಅವನು ಬಾಂಬರ್ ಬಿಟ್ಟು ಕೆಳಗೆ ಜಾರುವಂತೆ ಮಾಡಿದರೆ ಸಾಕು. ಆಗ 2,000 ಮೀಟರ್ ಎತ್ತರ ಕಳೆದುಕೊಂಡವನು, ಸೆಕೆಂಡಿಗೆ 15 ಮೀಟರಿನಂತೆ ಮೇಲೇರಿದರೂ, ಅದನ್ನು ಮರಳಿ ಗಳಿಸಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಗಂಟೆಗೆ 300 ಕಿ.ಮೀ. ಸಾಗುವ ಬಾಂಬರ್ 11 ಕಿ.ಮೀ. ಮುಂದೆ ಹೋಗಿರುತ್ತದೆ. ಕೆಳಗೆ ಜಾರಿದವನನ್ನು ಬೆನ್ನಟ್ಟಬೇಡಿ. ಬೆಂಗಾವಲಿನವರು ಹಾಳಾಗುವುದು ಹೆಚ್ಚಾಗಿ ಈ ಒಂದು ಆಸೆಯಿಂದಲೇ.

ಪ್ರಶ್ನೆ: ಹಾರುವಾಗ ಕನ್ನಡದಲ್ಲಿ ಮಾತಾಡಬಹುದೇ? ಇಂಗ್ಲಿಷಿನ ಸಂಕೇತಗಳನ್ನೇ ಬಳಸಬೇಕೆಂದು ನಮ್ಮ ಕೆಲವರ ಹಟ. (ಶಿವಮೊಗ್ಗ)

ಉತ್ತರ: ತಂಡವೆಲ್ಲ ಕನ್ನಡದವರೇ ಆಗಿದ್ದರೆ ಧಾರಾಳವಾಗಿ ಮಾತಾಡಿ. ಗಾಬರಿಯಲ್ಲಿ ಬಾಯಿಗೆ ಬರುವುದು ಮನೆಮಾತೇ. ಮುಖ್ಯವಾದದ್ದು ಮಾತಿನ ಅಳತೆ ಮತ್ತು ಕ್ರಮ. ಎದುರುಬದುರಾಗಿ ಗಂಟೆಗೆ 500 ಕಿ.ಮೀ. ವೇಗದಲ್ಲಿ ಬರುವ ಎರಡು ವಿಮಾನಗಳು ಸೆಕೆಂಡಿಗೆ ಸುಮಾರು 278 ಮೀಟರ್ ಹತ್ತಿರವಾಗುತ್ತವೆ, ಐದು ಕಿಲೋಮೀಟರ್ ಅಂತರ 18 ಸೆಕೆಂಡಿನಲ್ಲಿ ಕರಗುತ್ತದೆ. ಹತ್ತು ಸೆಕೆಂಡಿನ ವರ್ಣನೆಗೆ ಅಲ್ಲಿ ಸ್ಥಳವಿಲ್ಲ. ಮೊದಲು ಯಾರನ್ನು ಕರೆಯುತ್ತಿದ್ದೀರಿ, ಆಮೇಲೆ ಏನು ಮಾಡಬೇಕು, ಕೊನೆಗೆ ಕಾರಣ: ‘ಎರಡನೆಯವನೇ, ಎಡಕ್ಕೆ ತಿರುಗು, ಬೆನ್ನ ಹಿಂದೆ ಒಬ್ಬ.’ ದಿಕ್ಕನ್ನು ಗಡಿಯಾರದ ಲೆಕ್ಕದಲ್ಲಿ (ವಿಮಾನದ ಮೂತಿಯ ನೇರ ಹನ್ನೆರಡು ಗಂಟೆ) ‘ಎರಡು ಗಂಟೆ, ಮೇಲೆ’ ಎಂದರೆ ಸಾಕು. ‘ಅಲ್ಲಿ, ಅಲ್ಲಿ’ ಎಂಬುದು ಯಾವ ಭಾಷೆಯಲ್ಲಿಯೂ ಉಪಯೋಗಕ್ಕೆ ಬಾರದು. ಬೇರೆ ದೇಶದವರು ಜೊತೆಗಿದ್ದಾಗ ಇಂಗ್ಲಿಷ್ ಸಂಕೇತಗಳನ್ನು ಬಳಸುವುದು ಸೌಜನ್ಯ, ಅದನ್ನೂ ಕಲಿತಿಟ್ಟುಕೊಳ್ಳಿ.

ಪ್ರಶ್ನೆ: ಯುರೋಪಿನ ಸರ್ವರ್‌ಗಳಲ್ಲಿ ನನ್ನ ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಮರಳಲು ಹಿಡಿಯುವ ಸಮಯ) 200 ಮಿಲಿಸೆಕೆಂಡ್ ಸುಮಾರಿಗೆ ಇರುತ್ತದೆ. ಇದರಿಂದ ತಂಡಕ್ಕೆ ಹೊರೆಯಾಗುತ್ತೇನೆಯೇ? (ಕಲಬುರಗಿ)

ಉತ್ತರ: ಹೊರೆಯಾಗಬೇಕಿಲ್ಲ. ಗಂಟೆಗೆ 500 ಕಿ.ಮೀ. ವೇಗದ ವಿಮಾನ 200 ಮಿಲಿಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗುತ್ತದೆ, ಅಂದರೆ ಬ್ರಿಟಿಷ್ ಫೈಟರ್ ಸ್ಪಿಟ್‌ಫೈರ್‌ನ ಮೂರು ಉದ್ದದಷ್ಟು. ಸಿಮ್ಯುಲೇಟರ್ ಮುಂದಿನ ಸ್ಥಾನವನ್ನು ಊಹಿಸಿ ತೋರಿಸುವುದರಿಂದ ವೈರಿ ನೇರವಾಗಿ ಹಾರುವಾಗ ತೊಂದರೆ ಕಾಣದು. ಅವನು ಥಟ್ಟನೆ ಹೊರಳಿದಾಗ ಊಹೆ ತಪ್ಪಿ ವಿಮಾನ ಜಿಗಿದಂತೆ ಕಾಣುತ್ತದೆ. ಆದ್ದರಿಂದ ಅಡ್ಡ ಹಾಯುವ ವಿಮಾನಕ್ಕೆ ಗುರಿಯಿಡುವುದನ್ನು ಬಿಟ್ಟು ಹಿಂದಿನಿಂದ ಹತ್ತಿರ ಹೋಗಿ ಹೊಡೆಯಿರಿ, ಅಥವಾ ಬಾಂಬರ್ ಹಾರಿಸಿ. ನೆಲದ ಗುರಿ ಜಿಗಿಯುವುದಿಲ್ಲ. ಸಾಧ್ಯವಿದ್ದರೆ ವೈಫೈ ಬಿಟ್ಟು ತಂತಿಯ ಸಂಪರ್ಕ ಬಳಸಿ. ನನಗೆ ಪಿಂಗ್‌ಗಿಂತ ಹೆಚ್ಚು ಚಿಂತೆ ಹೊತ್ತಿನದು. ಮಧ್ಯ ಯುರೋಪಿನವರು ರಾತ್ರಿ ಎಂಟಕ್ಕೆ ಸ್ಪರ್ಧೆ ಇಟ್ಟರೆ ಚಳಿಗಾಲದಲ್ಲಿ ನಮಗದು ಮಧ್ಯರಾತ್ರಿ ಹನ್ನೆರಡೂವರೆ, ಬೇಸಿಗೆಯಲ್ಲಿ ಹನ್ನೊಂದೂವರೆ. ಮರುದಿನ ಕೆಲಸವಿರುವವರು ಶನಿವಾರದ ಮಿಷನ್‌ಗಳಿಗೆ ಮಾತ್ರ ಹೆಸರು ಕೊಡುವುದು ಒಳ್ಳೆಯದು. ನಡುವೆ ನಿದ್ದೆಗೆ ಎದ್ದು ಹೋದರೆ ಜೊತೆಗಾರ ಒಂಟಿಯಾಗುತ್ತಾನೆ.

ಪ್ರಶ್ನೆ: ನಮ್ಮ ಕಾಲೇಜಿನ ಎರಡು ವಿಭಾಗಗಳ ನಡುವೆ ಆರು ಆರು ಜನರ ಸ್ಪರ್ಧೆ ನಡೆಸಬೇಕೆಂದಿದ್ದೇವೆ. ನಿಯಮ ಮತ್ತು ಅಂಕಗಳನ್ನು ಹೇಗಿಡಬೇಕು? ಮುಗಿದ ಮೇಲೆ ಜಗಳವಾಗದಿರಲು ಏನು ಮಾಡಬೇಕು? (ವಿದ್ಯಾರ್ಥಿ ಸಂಘ, ಹುಬ್ಬಳ್ಳಿ)

ಉತ್ತರ: ನಿಮ್ಮ ಉತ್ಸಾಹ ಕಂಡು ಬಹಳ ಸಂತೋಷವಾಯಿತು. ನೀವು ಯಾವುದಕ್ಕೆ ಅಂಕ ಕೊಡುತ್ತೀರೋ ಆಟಗಾರರು ಅದನ್ನೇ ಮಾಡುತ್ತಾರೆ. ಉರುಳಿಸಿದ ವಿಮಾನಕ್ಕೆ ಮಾತ್ರ ಅಂಕವಿಟ್ಟರೆ ಹನ್ನೆರಡು ಮಂದಿಯೂ ಫೈಟರ್ ಹತ್ತಿ ನಕ್ಷೆಯ ನಡುವೆ ಗಿರಕಿ ಹೊಡೆಯುತ್ತಾರೆ, ಹತ್ತು ನಿಮಿಷದಲ್ಲಿ ಎಲ್ಲರೂ ನೆಲಮಟ್ಟದಲ್ಲಿರುತ್ತಾರೆ.

ನಾನಾಗಿದ್ದರೆ ಹೀಗೆ ಇಡುತ್ತಿದ್ದೆ. ಪ್ರತಿ ಪಾಳಯಕ್ಕೂ ಎರಡು ನೆಲದ ಗುರಿಗಳು, ಒಂದೊಂದಕ್ಕೂ ಹತ್ತು ಅಂಕ. ಗುರಿ ಮುರಿದ ಬಾಂಬರ್ ತನ್ನ ನಿಲ್ದಾಣದಲ್ಲಿ ಇಳಿದರೆ ಇನ್ನೂ ಐದು. ವೈರಿಯ ಬಾಂಬರ್ ಉರುಳಿಸಿದರೆ ಮೂರು, ಫೈಟರ್ ಉರುಳಿಸಿದರೆ ಒಂದು, ಆದರೆ ಉರುಳಿಸಿದವನು ಮರಳಿ ಇಳಿದರೆ ಮಾತ್ರ. ತನ್ನ ವಿಮಾನ ಕಳೆದುಕೊಂಡ ಪಾಳಯಕ್ಕೆ ಎರಡು ಅಂಕ ಕಡಿತ. ಒಬ್ಬೊಬ್ಬರಿಗೆ ಎರಡೇ ವಿಮಾನ ಕೊಡಿ. ಎರಡನೆಯದೂ ಹೋದವರು ಕುಳಿತು ನೋಡಲಿ. ಈ ಒಂದು ಮಿತಿ ಬಂದ ಕೂಡಲೇ ಹಾರಾಟದ ರೀತಿಯೇ ಬದಲಾಗುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಗುಂಡು ಮುಗಿದವನು ಹುಚ್ಚು ಧೈರ್ಯ ಮಾಡದೆ ಮನೆಗೆ ತಿರುಗುತ್ತಾನೆ. ಮೊದಲ ಮಾದರಿಯ ಸ್ಪಿಟ್‌ಫೈರ್‌ನಲ್ಲಿ ಎಂಟು ಬ್ರೌನಿಂಗ್ ಕೋವಿಗಳಿಗೆ ತಲಾ 300 ಗುಂಡು, ಅಂದರೆ ಸುಮಾರು 15 ಸೆಕೆಂಡಿನ ಹೊಡೆತ. ಆಗಿನ ಮೆಸ್ಸರ್‌ಶ್ಮಿಟ್ 109ರ ರೆಕ್ಕೆಯ ಎರಡು ಫಿರಂಗಿಗಳಿಗೆ ತಲಾ 60 ಗುಂಡು ಮಾತ್ರ, ಏಳು ಸೆಕೆಂಡಿನಲ್ಲಿ ಖಾಲಿ. ಸೆಕೆಂಡು ಎಣಿಸಿ ಹೊಡೆಯುವುದನ್ನು ಕಲಿಸುವುದು ಈ ಕೊರತೆಯೇ.

ಎರಡೂ ಕಡೆಯ ವಿಮಾನಗಳು ಸಮನಾಗಿರಲಾರವು. ಒಂದು ಚೆನ್ನಾಗಿ ತಿರುಗಿದರೆ ಇನ್ನೊಂದು ಚೆನ್ನಾಗಿ ಮೇಲೇರುತ್ತದೆ. ಆದ್ದರಿಂದ ಅದೇ ಮಿಷನ್ ಅನ್ನು ಪಾಳಯ ಬದಲಿಸಿ ಎರಡು ಸಲ ಆಡಿಸಿ, ಎರಡರ ಮೊತ್ತವನ್ನು ಫಲಿತಾಂಶವೆಂದು ಸಾರಿ. ಯಾರಾದರೂ ಸಂಪರ್ಕ ಕಡಿದು ಆರರಲ್ಲಿ ಐವರಾದರೆ ಎದುರು ಪಾಳಯದವರೂ ಒಬ್ಬರನ್ನು ಕೂರಿಸಬೇಕೆಂದು ಮೊದಲೇ ಬರೆದಿಡಿ. ಆಟದ ನಡುವೆ ಇಂಥ ಮಾತು ತೆಗೆದರೆ ಯಾರೂ ಒಪ್ಪುವುದಿಲ್ಲ.

ಜಗಳದ ವಿಷಯ. ಹಾರಾಟವನ್ನೆಲ್ಲ ದಾಖಲಿಸಿ ಮೂರು ಆಯಾಮದಲ್ಲಿ ಮತ್ತೆ ತೋರಿಸುವ ಟ್ಯಾಕ್‌ವ್ಯೂ ಎಂಬ ತಂತ್ರಾಂಶವಿದೆ, ಡಿಸಿಎಸ್ ಆಡುವವರು ಅದನ್ನು ಬಹಳ ಬಳಸುತ್ತಾರೆ. ಬೇರೆ ಸಿಮ್ಯುಲೇಟರ್ ಆದರೆ ಅದರದೇ ದಾಖಲೆ ಸೌಲಭ್ಯ ಬಳಸಿ. ಎರಡು ತಂಡಗಳೂ ಒಟ್ಟಿಗೆ ಕುಳಿತು ನೋಡಲಿ. ಮೊದಲ ಮಾತು ಗೆದ್ದ ತಂಡದ ಮುಂದಾಳುವಿನದಾಗಿರಲಿ, ಅದೂ ತಾನು ಎಡವಿದ ಜಾಗದ ಬಗ್ಗೆ. ದಾಖಲೆಯನ್ನು ವಿಮಾನ ಉರುಳಿದ ಕ್ಷಣದಿಂದ ತೋರಿಸಲು ಹೋಗಬೇಡಿ, ಅಲ್ಲಿ ಹೊಗಳಿಕೆ ಇಲ್ಲವೇ ದೂರು ಬಿಟ್ಟು ಬೇರೇನೂ ಹುಟ್ಟದು. ಅದಕ್ಕೆ ಮೂರು ನಿಮಿಷ ಹಿಂದಕ್ಕೆ ಹೋಗಿ, ಆ ಜೋಡಿ ಯಾವ ಕ್ಷಣದಲ್ಲಿ ಬೇರೆಯಾಯಿತು, ಯಾರು ಯಾರನ್ನು ಬಿಟ್ಟು ತಿರುಗಿದರು ಎಂಬಲ್ಲಿ ನಿಲ್ಲಿಸಿ, ಆ ಇಬ್ಬರನ್ನೇ ಮಾತಾಡಲು ಬಿಡಿ.